ಆಯಿತು ಎಂದೆ

ಜುಲೈ 21, ಸೋಮವಾರ. ಸಂಜೆ

ಆಸ್ಪತ್ರೆಯ ಫಾರ್ಮ್ ನಾನೇ ತುಂಬಿದೆ. ಅಂಬುಜಮ್ಮ. ಎಪ್ಪತ್ತೆರಡು. ಎಸ್ಸೆಸ್ಸೆಲ್ಸಿ. ಅಣ್ಣಾ ನಗರದ ಮನೆಗೆ ಹಿರಿಯಳು, ನನ್ನ ಮಾತಿಲ್ಲದೆ ಅಲ್ಲಿ ಒಂದು ಹಬ್ಬವೂ ನಡೆಯದು. ಇದಕ್ಕೆ ಫಾರ್ಮ್‌ನಲ್ಲಿ ಜಾಗವಿರಲಿಲ್ಲ.

ಹೃದಯದ ಒಂದು ವಾಲ್ವ್ ಗಟ್ಟಿಯಾಗಿದೆಯಂತೆ. ನಿಮಿಷಕ್ಕೆ ಎಷ್ಟು ರಕ್ತ ಹೊರಗೆ ತಳ್ಳುತ್ತದೆ ಎಂದು ಎಕೋದಲ್ಲಿ ಅಳೆದರು. ಆಪರೇಷನ್ ನಿರ್ಧಾರ ಅದರ ಮೇಲೆ. ಅಳೆದವಳು ನಮಿತಾ, ಹಾಸನದ ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ಮೂರು ತಿಂಗಳು. ಈ ತಮಿಳು ಊರಿನಲ್ಲಿ ನನ್ನ ಕನ್ನಡ ಕೇಳಿ ಮುಖ ಅರಳಿತು.

“ಅಜ್ಜಿ, ತಿಂಡಿ, ನೀರು ಎಲ್ಲಾ ಆಯ್ತಾ?”

ಆಯಿತು ಎಂದೆ.

ಇಂದು ಏಕಾದಶಿ. ನಿನ್ನೆ ರಾತ್ರಿಯಿಂದ ತೊಟ್ಟು ನೀರು ಮುಟ್ಟಿಲ್ಲ. ಇನ್ನು ಉಪವಾಸವಿಲ್ಲ ಎಂದು ಮಗ ಸತ್ಯಾತ್ಮನಿಗೆ ಮಾತು ಕೊಟ್ಟಿದ್ದೆ. ಅವನು ಪಕ್ಕದಲ್ಲೇ ನಿಂತಿದ್ದ… ಏನು ಹೇಳಲಿ?

ಜುಲೈ 24, ಗುರುವಾರ

ಲೆಕ್ಕ ತಾಳೆಯಾಗಲಿಲ್ಲವೆಂದು ಮತ್ತೆ ಕರೆಸಿದರು. ದೊಡ್ಡ ಡಾಕ್ಟರ್ ತಾವೇ ಅಳೆದರು. ಸೋಮವಾರ ಮೂರು ಲೀಟರ್, ಇಂದು ನಾಲ್ಕೂಕಾಲು. ಮೈಯಲ್ಲಿ ನೀರು ಕಡಿಮೆಯಿದ್ದರೆ ಹೀಗಾಗುತ್ತದೆ, ಇಲ್ಲವೇ ಅಳೆದ ಕೈ ತಪ್ಪಿರಬೇಕು ಎಂದರು. ಅಂದು ಉಪವಾಸವಿದ್ದಿರಾ ಎಂದು ನೇರವಾಗಿಯೇ ಕೇಳಿದರು.

ಇಲ್ಲ ಎಂದೆ. ಅಷ್ಟಕ್ಕೇ ನಿಲ್ಲಲಿಲ್ಲ. ಆ ಹುಡುಗಿ ಹರಟೆ ಹೊಡೆಯುತ್ತಲೇ ಅಳೆದಳು, ಗಮನವೇ ಇರಲಿಲ್ಲ ಎಂದೆ.

“ವಿಡು ಮಾ. ಪಾವಂ, ಸಣ್ಣ ಹುಡುಗಿ,” ಎಂದ ಸತ್ಯಾತ್ಮ.

ಬಿಡಮ್ಮ, ಪಾಪ ಎಂದು ಅವನು ತಮಿಳಿನಲ್ಲಿ ಅಂದರೂ ನಾನು ಬಿಡಲಿಲ್ಲ. ಡಾಕ್ಟರ್ ಬರೆದುಕೊಂಡರು.

ಜುಲೈ 31

ರಿಪೋರ್ಟ್ ತರಲು ಹೋದೆವು. ನಮಿತಾ ಫೈಲು ಜೋಡಿಸುತ್ತಿದ್ದಳು. ಮೆಷಿನ್ ಮುಟ್ಟಬೇಡ ಎಂದಿದ್ದಾರಂತೆ. ಕೆಲಸ ಕಾಯಂ ಆಗುವುದೂ ಅನುಮಾನ. ನನ್ನ ಮೇಲೆ ಕೋಪವಿಲ್ಲ. ಎದ್ದು ಕುರ್ಚಿ ಕೊಟ್ಟಳು.

“ಮೂರು ಸಲ ಅಳೆದಿದ್ದೆ ಅಜ್ಜಿ. ಮೂರು ಸಲಾನೂ ಅಷ್ಟೇ ಬಂತು. ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗ್ತಿಲ್ಲ.”

ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

ನಾನು ಕೂತೆ. ಆ ಕುರ್ಚಿಯಲ್ಲೇ ಕೂತೆ.

ಆಗಸ್ಟ್ 2

ಸುಳ್ಳು ಹೇಳಿದವರೊಂದಿಗೆ ಮೂರು ದಿನ ಮಾತು ಬಿಡುವುದು ಈ ಮನೆಯಲ್ಲಿ ನಾನು ಮಾಡಿದ ಕಟ್ಟಳೆ. ಸೊಸೆ ಅತ್ತಿದ್ದಾಳೆ, ಮೊಮ್ಮಗಳು ಕಾಲು ಹಿಡಿದಿದ್ದಾಳೆ. ಕರಗಿದವಳಲ್ಲ.

ದೇವರ ಮುಂದೆ ಕೂತರೆ ಬಾಯಿ ಏಳುತ್ತಿಲ್ಲ.

ಆಗಸ್ಟ್ 4, ಸೋಮವಾರ. ಐದೂವರೆ

ಒಬ್ಬಳೇ ಆಟೋದಲ್ಲಿ ಹೋಗಿ ಬಂದೆ. ಡಾಕ್ಟರ ಮುಂದೆ, ನಮಿತಾಳನ್ನೂ ಕರೆಸಿ ಹೇಳಿದೆ. ಅಂದು ನಿರ್ಜಲ ಉಪವಾಸವಿದ್ದೆ. ಎರಡು ಸಲ ಸುಳ್ಳಾಡಿದೆ. ಈ ಹುಡುಗಿಯ ಅಳತೆ ಸರಿ. ಅದನ್ನೇ ಕಾಗದದಲ್ಲಿ ಬರೆದು ಸಹಿ ಹಾಕಿದೆ, ಅವಳ ಫೈಲಿಗೆ ಸೇರಿಸಿ ಎಂದೆ. ಡಾಕ್ಟರ್ ಬೈಯಲಿಲ್ಲ. ನಾಳೆಯಿಂದ ಮೆಷಿನ್‌ಗೆ ಹೋಗು ಎಂದು ಅವಳಿಗೆ ಹೇಳಿದರು, ಅಷ್ಟೆ.

ನಮಿತಾ ಬಾಗಿಲವರೆಗೆ ಬಂದಳು. ಕ್ಷಮಿಸು ಎನ್ನಲು ಹೊರಟೆ.

“ಮೇಡಂ, ಆಟೋ ಕರೆಸ್ಲಾ?” ಎಂದಳು.

ಕಾಗದದ ಇನ್ನೊಂದು ಪ್ರತಿ ಸತ್ಯಾತ್ಮನ ಮೇಜಿನ ಮೇಲಿಟ್ಟಿದ್ದೇನೆ. ಈಗ ಬಂದ. ಬ್ಯಾಗು ಇಟ್ಟ ಸದ್ದು. ಕುರ್ಚಿ ಎಳೆದ. ಓದುತ್ತಿರಬೇಕು—