ಕೆಂಚಲಿಯ ಸಾವಿಗೆ ಒಬ್ಬ ಓದುಗ ಬೇಕು

ಗದಗ, ಪಂಖದೋಣಿ, ಏಳನೆಯ ಕಂಬ, ಮೂರನೆಯ ಅಂತಸ್ತು
ಕೊಸರು ತಿಂಗಳ ಇಪ್ಪತ್ತಾರನೆಯ ದಿನ, ೨೨೪೧

ಇನ್ನೂರು ವರ್ಷ ಹಿಂದೆ ಕೂತು ಇದನ್ನು ಓದುತ್ತಿರುವವರಿಗೆ,

ಮೇಲಿನ ತಾರೀಕು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಎಲ್ಲ ತಿಂಗಳನ್ನೂ ಒಂದೇ ಅಳತೆಗೆ ಕತ್ತರಿಸಿದಾಗ ಉಳಿದ ಚೂರುಗಳನ್ನು ಕೂಡಿಸಿ ಕೊನೆಯಲ್ಲೊಂದು ತಿಂಗಳು ಮಾಡಿದರು. ಸಂತೆಯಲ್ಲಿ ಕಾಯಿಪಲ್ಲೆಯವಳು ತೂಕದ ಮೇಲೆ ಒಂದು ಹಿಡಿ ಕೊಸರು ಹಾಕುತ್ತಾಳಲ್ಲ, ಆ ಹೆಸರನ್ನೇ ಅದಕ್ಕೂ ಇಟ್ಟರು. ಕೊಸರು ತಿಂಗಳೆಂದರೆ ಎಲ್ಲರಿಗೂ ಇಷ್ಟ, ನನ್ನಂಥ ಕಥೆಗಾರರಿಗೆ ಮಾತ್ರ ಇನ್ನೊಂದು ಓಲೆಯ ಹೊರೆ. ತಿಂಗಳಿಗೊಂದು ಓಲೆ ಬರೆದು ಓದುಗರಿಗೆ ವರದಿ ಒಪ್ಪಿಸುವುದು ನಮ್ಮ ಮೇಲಿನ ಕಟ್ಟಳೆ. ಏನು ಬರೆದೆ, ಏನು ನೋಡಿದೆ, ಎಷ್ಟು ಸೋಮಾರಿತನ ಮಾಡಿದೆ, ಎಲ್ಲವನ್ನೂ ಹೇಳಬೇಕು. ಇದು ಅಂಥದೇ ತಿಂಗಳೋಲೆ. ನನ್ನ ಮಾತುಗಳಲ್ಲಿ ಕೆಲವು ನಿಮ್ಮ ಕಿವಿಗೆ ಹೊಂದದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ಹಳೆಯ ಕಾಗದಪತ್ರಗಳಿಂದ ಕಲಿತವಳು ನಾನು. ಲಗ್ನಪತ್ರಿಕೆಯ ಭಾಷೆಯೂ ಪೊಲೀಸ್ ದೂರಿನ ಭಾಷೆಯೂ ನಡುನಡುವೆ ಬೆರೆತು ಬರಬಹುದು.

ಈ ಓಲೆ ನನ್ನ ಕಾಲದ ಓದುಗರಿಗೆ ಹೋಗಬೇಕಿತ್ತು. ಹೋಗುವಂತಿಲ್ಲ. ನಮ್ಮ ಓಣಿಯ ಹಿರಿಯರು ಸಭೆ ಸೇರಿ, ಸಾವಂತ್ರಿ ಬೆಳಧಡಿ ಎಂಬ ನಾನು ಬರೆದದ್ದನ್ನು ಈಗ ಬದುಕಿರುವ ಯಾರೂ, ಮುಂದೆ ಹುಟ್ಟುವ ಯಾರೂ ಓದಕೂಡದು ಎಂದು ತೀರ್ಮಾನ ಮಾಡಿದ್ದಾರೆ. ಸಿಟ್ಟಿನಲ್ಲಿ ಮಾಡಿದ ತೀರ್ಮಾನ. ಹಿಂದೆ ಬದುಕಿದ್ದವರನ್ನು ಅದರಲ್ಲಿ ಸೇರಿಸಲು ಮರೆತರು. ಹಾಗಾಗಿ ನನಗೆ ಉಳಿದಿರುವ ಓದುಗರೆಂದರೆ ನೀವೇ.

ಮೊದಲು ಮನೆಯ ಸುದ್ದಿ. ನಿಮ್ಮ ಕಾಲದವರು ನಮ್ಮ ಗುಡ್ಡದ ಮೇಲೆ ನೆಟ್ಟ ಗಾಳಿಪಂಖಗಳ ರೆಕ್ಕೆಗಳು ಎಂದೋ ಉದುರಿವೆ, ಕಂಬಗಳು ಮಾತ್ರ ಗಟ್ಟಿಯಾಗಿ ನಿಂತಿವೆ. ಅವುಗಳ ಹೊಟ್ಟೆಯೊಳಗೆ ಅಂತಸ್ತು ಹಾಕಿಕೊಂಡು ನಾವು ಸಂಸಾರ ಮಾಡುತ್ತೇವೆ. ಕೋಣೆಗಳು ದುಂಡಗಿರುವುದರಿಂದ ಮೂಲೆ ಎಂಬುದೇ ಇಲ್ಲ. ಕಸವನ್ನು ಗುಡಿಸಿ ಮೂಲೆಗೆ ತಳ್ಳಿ ಸುಮ್ಮನಾಗುವ ಸುಖವನ್ನು ನಾನು ಓದಿ ತಿಳಿದಿದ್ದೇನೆ ಅಷ್ಟೆ. ಬೆಳಗ್ಗೆ ನಾನು ಜೋಳದ ರೊಟ್ಟಿ ಬಡಿದರೆ ಸದ್ದು ಕಂಬದುದ್ದಕ್ಕೂ ಏರುತ್ತದೆ. ಅದನ್ನು ಕೇಳಿ ಮೇಲಂತಸ್ತಿನ ಹಜರಂಬಿ ಎಣ್ಣೆಗಾಯಿಯ ಡಬ್ಬಿಯನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಾಳೆ, ಅದೇ ಹಗ್ಗದಲ್ಲಿ ನಾಲ್ಕು ರೊಟ್ಟಿ ಮೇಲೇರುತ್ತವೆ. ಉಂಡು ಬರೆಯಲು ಕೂರುತ್ತೇನೆ. ಮಧ್ಯಾಹ್ನ ಕಬ್ಬಿಣ ಕಾದು ಒಳಗೆ ಕೂರುವುದಕ್ಕಾಗುವುದಿಲ್ಲ, ಇಡೀ ಓಣಿ ಹೊರಬಂದು ಕಂಬದ ನೆರಳಿನಲ್ಲಿ ಸಾಲಾಗಿ ಕೂರುತ್ತದೆ. ನೆರಳು ಸರಿದಂತೆ ಎಲ್ಲರೂ ಎದ್ದು ಚಾಪೆ ಸರಿಸುತ್ತಾರೆ, ಜಗಳ ಮಾತ್ರ ನಿಲ್ಲುವುದಿಲ್ಲ. ನೆರಳಿನ ಬಗ್ಗೆ ಆರು ಪುಸ್ತಕ ಬರೆಯುವ ಹುಚ್ಚು ನನಗೆ ಹತ್ತಿದ್ದು ಅಲ್ಲಿಯೇ.

ನನ್ನ ಪುಸ್ತಕಗಳ ನಾಡಿನ ಹೆಸರು ಹಗಲೂರು. ಅಲ್ಲಿ ಕೆಂಚಲಿ ಎಂಬ ಕಮ್ಮಾರಗಿತ್ತಿ ಇದ್ದಾಳೆ. ಅವಳು ಕಬ್ಬಿಣ ಬಡಿಯುವುದಿಲ್ಲ, ನೆರಳು ಬಡಿಯುತ್ತಾಳೆ. ಕಷ್ಟ ಹೇಳಿಕೊಂಡು ಬಂದವರ ನೆರಳಿನ ಒಂದು ತುಂಡನ್ನು ಅಡಿಗಲ್ಲಿನ ಮೇಲಿಟ್ಟು ಬಡಿದು ಅವರಿಗೆ ಬೇಕಾದ ಸಾಮಾನು ಮಾಡಿಕೊಡುತ್ತಾಳೆ. ಸೆರೆಯಲ್ಲಿದ್ದವನಿಗೆ ಕೀಲಿ ಮಾಡಿದಳು, ಹೊಳೆಯಾಚೆ ಮಗಳಿದ್ದ ಮುದುಕಿಗೆ ದೋಣಿ ಮಾಡಿದಳು. ಬಂದವರ ನೆರಳು ನಾಲ್ಕು ದಿನದಲ್ಲಿ ಮತ್ತೆ ಚಿಗುರುತ್ತದೆ. ಆದರೆ ಪ್ರತಿ ಕೆಲಸಕ್ಕೂ ಕೆಂಚಲಿಯ ಸ್ವಂತ ನೆರಳು ಒಂದು ಬೆರಳು ಸವೆಯುತ್ತದೆ, ಅದು ಚಿಗುರುವುದಿಲ್ಲ, ಇನ್ನೊಬ್ಬರ ನೆರಳನ್ನು ತಂದು ಅದಕ್ಕೆ ಬೆಸೆಯುವುದಕ್ಕೂ ಬರುವುದಿಲ್ಲ. ನೆರಳು ಮುಗಿದ ದಿನ ಅವಳೂ ಮುಗಿಯುತ್ತಾಳೆ. ಮೊದಲ ಪುಸ್ತಕದಲ್ಲಿಯೇ ಇದನ್ನು ಹೇಳಿದ್ದೇನೆ, ಮುಚ್ಚಿಟ್ಟವಳಲ್ಲ.

ಈ ತಿಂಗಳು ಆರನೆಯ ಪುಸ್ತಕ ಮುಗಿಸಿದೆ. ಅದರ ಜತೆಗೆ ಹಜರಂಬಿ ನನ್ನ ಕೋಣೆಯ ಗೋಡೆಯ ಸುತ್ತ ಹಗಲೂರಿನ ನಕ್ಷೆ ಬರೆದು ಮುಗಿಸಿದಳು. ದುಂಡು ಗೋಡೆ ನೋಡಿ, ಪಡುವಣ ಗಡಿ ತಿರುಗಿ ಬಂದು ಮೂಡಣ ಗಡಿಗೆ ಅಂಟಿಕೊಂಡಿತು. ಎರಡು ಪುಸ್ತಕಗಳುದ್ದಕ್ಕೂ ನಾನು ಆ ಗಡಿಯಿಂದ ಈ ಗಡಿಗೆ ಜನರನ್ನು ವರ್ಷಗಟ್ಟಲೆ ನಡೆಸಿ ಸುಸ್ತು ಮಾಡಿದ್ದೆ. ಬಾಗಿಲು ತೆರೆದರೆ ಪಕ್ಕದಲ್ಲೇ ಇತ್ತು ಎಂದು ಅವಳು ಈಗ ಬಂದವರಿಗೆಲ್ಲ ಹೇಳಿ ನಗುತ್ತಾಳೆ. ಮಕ್ಕಳಿಗಾಗಿ ಶುರುಮಾಡಿದ ಉಪ್ಪಿನ ಆನೆಯ ಕಥೆ ಅರ್ಧಕ್ಕೆ ನಿಂತಿದೆ. ಆನೆ ಹೊಳೆ ದಾಟಬೇಕಾಗಿದೆ, ಹೇಗೆ ದಾಟಿಸಲಿ ಎಂಬುದು ಇನ್ನೂ ಹೊಳೆದಿಲ್ಲ.

ಮನರಂಜನೆಯ ವರದಿಯನ್ನೂ ಕೊಡಬೇಕು. ಒಂದು ವಾಸನೆಯಾಟ ನೋಡಿದೆ, ಅಂದರೆ ಮೂಸಿದೆ. ಕಣ್ಣಿಗೆ ಪಟ್ಟಿ ಕಟ್ಟಿ ಕೂರಿಸಿ ಬರೀ ವಾಸನೆಗಳಿಂದ ಕಥೆ ಹೇಳುತ್ತಾರೆ. ಮೊದಲು ಹಸಿ ಮಣ್ಣು, ಆಮೇಲೆ ಜಿಲೇಬಿ, ಆಮೇಲೆ ಆಸ್ಪತ್ರೆ. ಜಿಲೇಬಿಯವರೆಗೆ ಚೆನ್ನಾಗಿತ್ತು. ಮತ್ತೆ ರೂಢಿಯಂತೆ ‘ಹದಿನಾರು ಹೊಸ್ತಿಲು’ ಧಾರಾವಾಹಿ. ನನ್ನ ಅಜ್ಜಿ ಹುಟ್ಟುವ ಮುಂಚಿನಿಂದ ನಡೆಯುತ್ತಿರುವ ಇದರಲ್ಲಿ ಇದುವರೆಗೆ ಯಾರೂ ಸತ್ತಿಲ್ಲ. ಈ ತಿಂಗಳು ಅದರಲ್ಲೊಂದು ಮದುವೆ. ಮದುಮಕ್ಕಳು ಹಿರಿಯರ ಕಾಲಿಗೆ ಬೀಳಲು ಶುರುಮಾಡಿದವರು ತಿಂಗಳು ಮುಗಿಯುತ್ತ ಬಂದರೂ ಎದ್ದಿಲ್ಲ, ಮುತ್ತಜ್ಜಂದಿರ ಸಾಲೇ ಇನ್ನೂ ಬಾಕಿ ಇದೆ. ಓಣಿಗೆ ಓಣಿಯೇ ಕೂತು ಇದನ್ನು ನೋಡುತ್ತದೆ. ನಾನೂ ನೋಡುತ್ತೇನೆ, ಹಲ್ಲು ಕಡಿಯುತ್ತ.

ಯಾಕೆ ಯಾರೂ ಸಾಯುವುದಿಲ್ಲ ಎಂದರೆ, ನಮ್ಮಲ್ಲಿ ಓಣಿಹಕ್ಕು ಎಂಬುದೊಂದಿದೆ. ಕಥೆಯ ಒಬ್ಬ ವ್ಯಕ್ತಿ ಓಣಿಯವರಿಗೆ ಹಿಡಿಸಿದರೆ ಅವನನ್ನೋ ಅವಳನ್ನೋ ತಮ್ಮವರನ್ನಾಗಿ ಮಾಡಿಕೊಳ್ಳುತ್ತಾರೆ. ತೊಟ್ಟಿಲು ಕಟ್ಟಿ, ಒಳಗೆ ಪುಸ್ತಕ ಮಲಗಿಸಿ, ಹೆಸರು ಕೂಗುತ್ತಾರೆ. ಕಂಬದ ಬುಡದ ಹಲಗೆಯಲ್ಲಿ ನಮ್ಮ ಹೆಸರುಗಳ ಕೆಳಗೆ ಆ ಹೆಸರೂ ಏರುತ್ತದೆ. ಎಳ್ಳಮವಾಸ್ಯೆಯ ಊಟಕ್ಕೆ ಕೆಂಚಲಿಗೂ ಒಂದು ಎಲೆ ಹಾಕುತ್ತಾರೆ, ಅವಳಿಗೆ ಕರಿಗಡಬು ಇಷ್ಟವೆಂದು ಎರಡನೆಯ ಪುಸ್ತಕದಲ್ಲಿ ನಾನು ಬರೆದದ್ದರಿಂದ ಎರಡು ಹೆಚ್ಚಿಗೆ ಬಡಿಸುತ್ತಾರೆ. ಇದೆಲ್ಲ ನನಗೂ ಪ್ರೀತಿಯೇ. ಆದರೆ ಹೀಗೆ ಓಣಿಯವರಾದವರನ್ನು ಓಣಿಯ ಒಪ್ಪಿಗೆಯಿಲ್ಲದೆ ಲೇಖಕರು ಸಾಯಿಸುವಂತಿಲ್ಲ.

ಆರನೆಯ ಪುಸ್ತಕದ ಕೊನೆಯಲ್ಲಿ ಕೆಂಚಲಿ ಸಾಯುತ್ತಾಳೆ, ಅದಕ್ಕೆ ಒಪ್ಪಿಗೆ ಕೇಳಲು ಹೋದೆ. ಚಾಪೆಗಳ ಸಾಲೆಲ್ಲ ನನ್ನ ಕಡೆ ತಿರುಗಿತು. ಆಮೇಲೆ ಒಬ್ಬಳು ಎದ್ದು, “ಆಕಿನ್ನ ಕೊಲ್ಲಾಕ ನಿಂಗ ಮನಸ್ಸರ ಹೆಂಗ ಬಂತು?” ಎಂದಳು. ಬೈಗುಳಕ್ಕೆ ನಾನು ಹೆದರುವವಳಲ್ಲ, ಬೈದವರಿಗೆ ಅಲ್ಲೇ ವಾಪಸು ಕೊಟ್ಟೆ. ನನ್ನನ್ನು ಅಲ್ಲಾಡಿಸಿದವರು ಓಣಿಯ ಯಜಮಾನರಾದ ಫಕೀರಗೌಡರು. ಬೈಯುವುದು ಅವರಿಗೆ ಬರುವುದೇ ಇಲ್ಲ. ಹೋದ ವರ್ಷ ಹೆಂಡತಿಯನ್ನು ಕಳೆದುಕೊಂಡವರು. ಕಾಯಿಲೆಯ ದಿನಗಳಲ್ಲಿ ಆಕೆಯ ಪಕ್ಕ ಕೂತು ಕೆಂಚಲಿಯ ಪುಸ್ತಕಗಳನ್ನು ಗಟ್ಟಿಯಾಗಿ ಓದುತ್ತಿದ್ದರು, ಅದು ನಮ್ಮ ಅಂತಸ್ತಿಗೂ ಕೇಳುತ್ತಿತ್ತು.

“ಅವ್ವಾ ಸಾವಂತ್ರಿ, ನಮ್ಮ ಮನ್ಯಾಗಿನಾಕಿ ಹೋಗುವಾಗ ನನ್ನ ಕೈಲೆ ಏನೂ ಆಗಲಿಲ್ಲ,” ಎಂದರು. “ಈಕಿನ್ನರ ಉಳಿಸಿಕೊಳ್ಳೂಣು. ನೆರಳು ಕಡಿಮಿ ಬಿದ್ದಿದ್ರ ನಂದು ಕೊಡತೇನಿ, ಬರಕೋ. ಈ ವಯಸ್ಸಿಗೆ ನನಗ ನೆರಳು ತುಗೊಂಡು ಏನು ಮಾಡೂದೈತಿ?”

ನನಗೆ ಹೂಂ ಎಂದುಬಿಡಲೇ ಎನಿಸಿತು. ಒಂದು ಸಾಲು ಬರೆದರೆ ಆಗುತ್ತಿತ್ತು, ಆ ಮುದುಕರ ಮುಖ ಅರಳುತ್ತಿತ್ತು, ನನ್ನ ಅನ್ನಕ್ಕೂ ಹೆಸರಿಗೂ ಕುತ್ತು ಬರುತ್ತಿರಲಿಲ್ಲ. “ಗೌಡ್ರ, ಹಂಗ ಬರಿಯಾಕ ಬರಂಗಿಲ್ಲರಿ,” ಎಂದೆ. ಅವರು ತಲೆ ತಗ್ಗಿಸಿದರು. ಉಳಿದವರು ತಗ್ಗಿಸಲಿಲ್ಲ.

ನಾನು ಮೊಂಡಿಯೆಂದು ಓಣಿ ಹೇಳುತ್ತದೆ. ಹೌದು, ಮೊಂಡಿಯೇ. ಕೆಂಚಲಿ ಈಗ ಬದುಕಿಬಿಟ್ಟರೆ ಅವಳು ಮಾಡಿಕೊಟ್ಟ ಕೀಲಿ, ದೋಣಿ, ಎಲ್ಲವೂ ಪುಕ್ಕಟೆ ಸಾಮಾನಾಗುತ್ತವೆ. ಅವಳು ಬೆರಳು ಬೆರಳಾಗಿ ಸವೆದದ್ದು ನಾಟಕವಾಗುತ್ತದೆ. ನಾನು ಬರೆಯುವುದು ಮಾಯೆಯ ಲೋಕ, ಮೋಸದ ಲೋಕವಲ್ಲ. ಮಾಯೆಯಲ್ಲಿ ನೆರಳಿನಿಂದ ದೋಣಿ ಮಾಡಬಹುದು, ಮಾಡಿದವಳು ಅದರ ನೋವು ಉಣ್ಣಲೇಬೇಕು. ಗೌಡರ ಹೆಂಡತಿಯೂ ಆ ಪುಸ್ತಕಗಳನ್ನು ಕೇಳಿದ್ದು, ಕೆಂಚಲಿಗೆ ಏನೂ ಆಗುವುದಿಲ್ಲ ಎಂದು ನಂಬಿ ಅಲ್ಲ. ಆಗುತ್ತದೆ ಎಂದು ಗೊತ್ತಿದ್ದೂ ಸುತ್ತಿಗೆ ಎತ್ತುತ್ತಾಳಲ್ಲ, ಅದಕ್ಕೆ. ಅವಳನ್ನು ನಾನೂ ಪ್ರೀತಿಸುತ್ತೇನೆ, ಓಣಿಗಿಂತ ಮೊದಲಿನಿಂದ. ಕೊನೆಯ ಅಧ್ಯಾಯವನ್ನು ಅಳುತ್ತಲೇ ಬರೆದಿದ್ದೇನೆ.

ನಾಳೆ ಬೆಳಗ್ಗೆ ತಿದ್ದುಗರು ಬರುತ್ತಾರೆ. ಲೇಖಕರು ಮಾತು ಕೇಳದಿದ್ದಾಗ ಓಣಿಯ ಪರವಾಗಿ ಕೊನೆಯನ್ನು ಬೇರೆ ಬರೆಯುವವರು ಇವರು. ಒಬ್ಬನಂತೂ ಈಗಾಗಲೇ ಯೋಚನೆ ಮಾಡಿಟ್ಟಿದ್ದಾನಂತೆ: ಕೆಂಚಲಿಗೆ ಒಂದು ಮರದ ಕೆಳಗೆ ಹೊಸ ನೆರಳು ಸಿಗುತ್ತದೆ, ಅವಳು ಮದುವೆಯಾಗಿ ಮಿರ್ಚಿ ಅಂಗಡಿ ಇಡುತ್ತಾಳೆ. ಇದನ್ನು ಕೇಳಿದ ಮೇಲೆ ನನಗೆ ಊಟ ಸೇರಿಲ್ಲ.

ತಡೆಯಲು ಒಂದೇ ದಾರಿ. ಲೇಖಕರ ಮನೆಯವರಲ್ಲದ ಒಬ್ಬರೇ ಒಬ್ಬರು ಓದಿದ ಸಾವನ್ನು ಯಾರೂ ತಿದ್ದುವಂತಿಲ್ಲ. ಓದಿದವರ ಮನಸ್ಸಿನಲ್ಲಿ ಸತ್ತವರನ್ನು ಕಾಗದದ ಮೇಲೆ ಎಬ್ಬಿಸುವುದು ಹೇಸಿಗೆ ಎಂದು ಓಣಿಹಕ್ಕು ಮಾಡಿದ ಹಿರಿಯರೇ ಬರೆದಿಟ್ಟಿದ್ದಾರೆ. ಅದಕ್ಕೇ ಯಾರೂ ಓದದಂತೆ ಕಂಬ ಮುಟ್ಟಿಸಿ ಎಲ್ಲರಿಂದ ಆಣೆ ಮಾಡಿಸಿದರು. ಹಜರಂಬಿಯೂ ಮಾಡಿದಳು. ಸಂಜೆ ಇಳಿದು ಬಂದು, ನಕ್ಷೆಯ ಕಡೆ ಮುಖ ಮಾಡಿ ನಿಂತು, “ಮಾಡಬಾರದಿತ್ತು ಸಾವಂತ್ರಿ. ಆದ್ರ ಮನ್ಯಾಗ ಮಕ್ಕಳು ಅದಾವು, ಓಣಿ ಬಿಟ್ಟು ಎಲ್ಲಿ ಹೋಗಲಿ?” ಎಂದಳು. ನಾನು ಅವಳಿಗೆ ಚಹಾ ಕೊಟ್ಟೆ.

ಇನ್ನುಳಿದದ್ದು ಹಿಂದಂಚೆ. ಇದು ಕಳೆದ ಕಾಲಕ್ಕೆ ಕಾಗದ ಒಯ್ಯುವ ಅಂಚೆ, ಒಬ್ಬರಿಗೆ ಬದುಕಿನಲ್ಲಿ ಒಂದೇ ಸಲ ಸಿಗುತ್ತದೆ. ಜನ ಸಾಮಾನ್ಯವಾಗಿ ಸತ್ತ ತಾಯಿಗೋ ಬಿಟ್ಟುಹೋದ ಗೆಳತಿಗೋ ಬರೆಯುತ್ತಾರೆ. ನನ್ನ ಸರದಿಯನ್ನು ನನ್ನ ಅವ್ವನಿಗಾಗಿ ಕಾದಿಟ್ಟಿದ್ದೆ. ಜಗಳವಾಡಿ ಮಾತು ಬಿಟ್ಟಿದ್ದಾಗಲೇ ಹೋದವಳು ಅವಳು. ಆ ಸರದಿಯನ್ನು ನಿಮಗೆ ಕೊಡುತ್ತಿದ್ದೇನೆ. ಅವ್ವ ಇದ್ದಿದ್ದರೆ ನನಗಿಂತ ಹೆಚ್ಚು ಹಟ ಮಾಡುತ್ತಿದ್ದಳು. ಹಿಂದಂಚೆಯ ಕಾಗದ ಮುಟ್ಟಿ ಓದಿದ ಕೂಡಲೇ ನಮ್ಮ ಅಂಚೆಮನೆಯಲ್ಲಿ ಉಳಿಯುವ ಅದರ ಪ್ರತಿಯ ಮೇಲೆ ಮೊಹರು ತಾನಾಗಿ ಮೂಡುತ್ತದೆ. ಓಣಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾಗಾಗಿ ದಯವಿಟ್ಟು ಮುಂದಿನದನ್ನು ಹಾರಿಸದೆ ಓದಿ.

ಹಗಲೂರಿನ ಜನ ಗುಡ್ಡ ಕುಸಿದು ಒಂದು ಗವಿಯಲ್ಲಿ ಸಿಕ್ಕಿಬಿದ್ದಿದ್ದಾರೆ. ಗವಿಯೊಳಗೆ ಕೆಂಚಲಿಯ ಒಲೆಯ ಬೆಳಕೊಂದೇ. ಹೆದರಿದವರ ನೆರಳು ನೀರಾಗುತ್ತದೆ, ಬಡಿಯಲು ಬರುವುದಿಲ್ಲ. ಗಟ್ಟಿಯಾಗಿ ಉಳಿದಿರುವುದು ಅವಳದೇ ಒಂದು ಬೆರಳು ನೆರಳು. ಅವಳು ಕೂತು, ತನ್ನ ಪಾದವನ್ನು ಅಡಿಗಲ್ಲಿಗೆ ಒತ್ತಿ, ಅದನ್ನೇ ಬಡಿದು ಬಾಗಿಲು ಮಾಡಿದಳು. ಜನ ಬಾಗಿಲಿಗೆ ನುಗ್ಗಿದಾಗ ಎಂದಿನಂತೆ ಗದರಿದಳು: “ಮುಟ್ಟಬ್ಯಾಡ್ರಿ, ಇನ್ನಾ ಬಿಸಿ ಐತಿ.” ಆರಿದ ಮೇಲೆ ಒಬ್ಬೊಬ್ಬರಾಗಿ ದಾಟಿದರು. ಕೊನೆಯವನು ತಿರುಗಿ ಕರೆದ. ಅವಳು ಸುತ್ತಿಗೆ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ತೆರೆದ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಅವಳ ಮೇಲೆ ಬಿತ್ತು, ಹಿಂದಿನ ನೆಲದ ಮೇಲೆ ನೆರಳು ಬೀಳಲಿಲ್ಲ. ಕೆಂಚಲಿ ಸತ್ತಿದ್ದಳು. ಅವಳನ್ನು ಅಲ್ಲಿಯೇ ಮಣ್ಣು ಮಾಡಿದರು.

ಓದಿದಿರಿ. ಇಲ್ಲಿ ಮೊಹರು ಮೂಡಿತು. ನಾಳೆ ತಿದ್ದುಗರು ಬಂದ ದಾರಿ ಹಿಡಿದು ಹೋಗುತ್ತಾರೆ, ಹಲಗೆಯಿಂದ ಅವಳ ಹೆಸರು ಇಳಿಯುತ್ತದೆ, ಬಹುಶಃ ನನ್ನದೂ ಇಳಿಯುತ್ತದೆ. ಇಳಿಸಲಿ. ಫಕೀರಗೌಡರು ಚಾಪೆಯ ಮೇಲೆ ಕೂತು ಅಳುತ್ತಾರೆ. ಅವರ ಪಕ್ಕ ಹೋಗಿ ಕೂರುತ್ತೇನೆ, ಅವರು ಸರಿ ಎಂದರೆ ಜತೆಗೆ ಅಳುತ್ತೇನೆ, ಏಳು ಎಂದರೂ ಏಳುವುದಿಲ್ಲ. ಆದರೆ ಒಂದಕ್ಷರ ತಿದ್ದುವುದಿಲ್ಲ.

ನಿಮ್ಮವಳು,
ಸಾವಂತ್ರಿ ಬೆಳಧಡಿ