ಎಸ್ಪೆರಾ ಎಂಬ ಸವತಿ

ಮಾರ್ಚ್ ೧೧, ಮಂಗಳವಾರ

ಎಸ್ಪೆರಾ ಹೆಂಗಸೇ ಅಲ್ಲವಂತೆ. ಸಂಜೆಯಿಂದ ಇದೇ ತಲೆ ತಿನ್ನುತ್ತಿದೆ.

ಹಡಗಿನಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮವರು ರಜೆಗೆ ಬಂದಾಗಲೆಲ್ಲ, ಸ್ನಾನದ ನೀರು ಕಾಯುವವರೆಗೂ ಯಾವುದೋ ಬಂದರಿನಲ್ಲಿ ಕಲಿತ ಪೋರ್ಚುಗೀಸ್ ಪ್ರೇಮಗೀತೆಯನ್ನು ಗುನುಗುತ್ತಿದ್ದರು. ಸಾಲುಸಾಲಿಗೂ ‘ಎಸ್ಪೆರಾ, ಎಸ್ಪೆರಾ’. ಯಾರವಳು ಎಂದು ಕೇಳಿದರೆ ನಗುತ್ತಿದ್ದರು. ಸಾಯುವವರೆಗೂ ಹೇಳಲಿಲ್ಲ. ಸವತಿಯ ಹೆಸರೆಂದೇ ನಾನು ಹಲ್ಲು ಕಚ್ಚಿಕೊಂಡಿದ್ದೆ.

ಮಹಡಿ ಮನೆಯ ಟೀಚರಿಗೆ ಆ ಭಾಷೆ ಬರುತ್ತದೆಂದು ಇವತ್ತು ಗೊತ್ತಾಯಿತು. ಹಾಡಿ ತೋರಿಸಿದೆ. ಬಿದ್ದು ಬಿದ್ದು ನಕ್ಕಳು.

“ಅಯ್ಯೋ ಅಕ್ಕಾ, ಅದು ಹೆಸರಲ್ಲ! ‘ಕಾಯ್ತಾ ಇರು’ ಅಂತ ಅರ್ಥ. ನಾನು ಬರೋವರೆಗೂ ಕಾಯ್ತಾ ಇರು ಅಂತಾನೆ ಹಾಡೋನು. ಅವರಲ್ಲಿ ಕಾಯೋದಕ್ಕೂ ಆಸೆ ಇಟ್ಕೊಂಡಿರೋದಕ್ಕೂ ಒಂದೇ ಮಾತು.”

“ನಮ್ಮಲ್ಲಿ ಕಾಯೋದಕ್ಕೂ ಬಿಸಿ ಆಗೋದಕ್ಕೂ ಒಂದೇ ಮಾತು” ಎಂದೆ. ನನಗೆ ನಗು ಬರಲಿಲ್ಲ.

ಹಾಗಾದರೆ ಅವರು ಅಷ್ಟು ವರ್ಷ ಹಾಡಿದ್ದು ನನಗೇ.

ಈಗ ಬಚ್ಚಲಿನಿಂದ ಅದೇ ಗುನುಗು. ಎದ್ದು ಹೋಗಿ ನೋಡಿದೆ. ಯಾರೂ ಇಲ್ಲ. ಬಾಯ್ಲರ್ ಉರಿಯುತ್ತಿತ್ತು. ಹಾಕಿದ್ದು ನಾನೇ ಇರಬೇಕು, ನೆನಪಿಲ್ಲ. ಆರಿಸಲು ಕೈ ಬರಲಿಲ್ಲ.

ನೀರು ಕಾಯುತ್ತಿದೆ.