ಖಾಲಿ ಬಿಟ್ಟ ಪಿಯಾನೋ ಸಾಲು

ವಾರ್ಸಾ, 16 ನವೆಂಬರ್ 1965. ಮಧ್ಯಾಹ್ನ 1

ನನ್ನ ಗಂಡ ಸೆವೆರಿನ್ ಬಿದ್ದಿದ್ದಾನೆ. ಜಾಝ್ ಕ್ಲಬ್ಬಿನ ನೆಲಮಾಳಿಗೆಯ ಮೆಟ್ಟಿಲು. ತಲೆಗೆ ಪೆಟ್ಟು, ಪ್ರಜ್ಞೆ ಇಲ್ಲ. ಹೇಳಿದ್ದು ಗೂಚೊ, ಅವನ ತಂಡದ ಬಾಸ್ ವಾದಕ. ಟೋಪಿಯಿಲ್ಲದೆ ಓಡಿ ಬಂದಿದ್ದ. ಸೆವೆರಿನ್ ಸಂಗೀತ ಕೊಡುತ್ತಿರುವ ಹೊಸ ಸಿನಿಮಾದ ಕ್ಲಾರಿನೆಟ್ ಭಾಗವನ್ನು ನಾನು ನಕಲು ಮಾಡುತ್ತಿದ್ದೆ. ಸುದ್ದಿ ಕೇಳಿಯೂ ಆ ಸಾಲು ಮುಗಿಸಿಯೇ ಎದ್ದೆ. ಯಾಕೆ ಮುಗಿಸಿದೆ?

18 ನವೆಂಬರ್

ಹಾಗೇ ಇದ್ದಾನೆ. ಸಿನಿಮಾದ ನಿರ್ದೇಶಕ ಓಲ್ಶಿನಾ ಆಸ್ಪತ್ರೆಗೆ ಬಂದರು. ಕೈಯಲ್ಲಿ ಆರು ಹೂವು. ಗಾಬರಿಯಲ್ಲಿ ಎಣಿಸಿಲ್ಲ, ನಮ್ಮಲ್ಲಿ ಸಮಸಂಖ್ಯೆ ಒಯ್ಯುವುದು ಸತ್ತವರಿಗೆ. ಗೂಚೊ ಒಂದನ್ನೆಳೆದು ತನ್ನ ಕೋಟಿಗೆ ಸಿಕ್ಕಿಸಿಕೊಂಡ.

"ಐದೇ ಸಾಕು ಸಾರ್. ನಮ್ಮವನು ಇನ್ನೂ ಹೋಗಿಲ್ಲ."

ನಾಳೆಯ ರೆಕಾರ್ಡಿಂಗ್ ಡಿಸೆಂಬರ್ 17ಕ್ಕೆ ಮುಂದೆ ಹೋಯಿತು. ಅದರಾಚೆ ಸ್ಟುಡಿಯೋ ಕಾಯುವುದಿಲ್ಲ.

"ಪಿಯಾನೋಗೆ ಬೇರೆ ಯಾರನ್ನಾದ್ರೂ ಕರೀಲೇನಮ್ಮ ಬ್ರೋನ್ಕಾ?" ಓಲ್ಶಿನಾ ಕೇಳಿದರು.

ಸ್ವರಪುಟ ತೋರಿಸಿದೆ. ಸೆವೆರಿನ್ ಎಲ್ಲರಿಗೂ ಬರೆದಿದ್ದಾನೆ, ತಾನು ನುಡಿಸುವ ಪಿಯಾನೋ ಸಾಲು ಮಾತ್ರ ಖಾಲಿ. ತನಗಾಗಿ ಎಂದೂ ಬರೆದವನಲ್ಲ — ಪರದೆಯ ಮೇಲೆ ಓಡುವ ಚಿತ್ರ ನೋಡುತ್ತ ನುಡಿಸುತ್ತಾನೆ. ಎರಡನೇ ರೀಲಿನಲ್ಲಿ ಪಿಯಾನೋ ಬಿಟ್ಟು ಬೇರೇನೂ ಇಲ್ಲ...

3 ಡಿಸೆಂಬರ್

ಕಣ್ಣು ತೆರೆದು ನಾಲ್ಕು ದಿನ. ನನ್ನ ಹೆಸರು ಹೇಳಿದ. ಗೂಚೊನ ಬೋಳುತಲೆಯನ್ನು ಗೇಲಿ ಮಾಡಿದ. ಇವತ್ತು ಸ್ವರಪುಟ, ನನ್ನ ನಕಲು ಎರಡನ್ನೂ ಕೊಟ್ಟೆ. ಓದಿದ.

"ಕ್ಲಾರಿನೆಟ್ಟಲ್ಲಿ ಒಂದು ಸ್ವರ ತಪ್ಪು ಬರ್ದಿದ್ದೀಯಲ್ಲೇ."

ನಿಜ. ಅವತ್ತಿನ ಆ ಸಾಲು.

ಆಮೇಲೆ ಖಾಲಿ ಸಾಲಿನ ಮೇಲೆ ಬೆರಳಿಟ್ಟ. "ಪಿಯಾನೋ ಯಾರು ನುಡಿಸ್ತಾರೆ?"

"ನೀನೇ."

"ಸುಮ್ನಿರೇ. ನಂಗೆಲ್ಲಿ ಬರುತ್ತೆ ಪಿಯಾನೋ?"

ಗೂಚೊ ನಗಲು ಬಾಯಿ ತೆರೆದ. ಹಾಗೇ ಮುಚ್ಚಿದ.

13 ಡಿಸೆಂಬರ್

ಮನೆಗೆ ಬಂದು ಎರಡು ದಿನ. ಬೆರಳಿಗೇನೂ ಆಗಿಲ್ಲ, ನೆನಪು ಬರಬಹುದು, ಬಾರದೆಯೂ ಇರಬಹುದು — ಡಾಕ್ಟರ ಮಾತು. ಪಿಯಾನೋದ ಮುಚ್ಚಳ ತೆರೆದಿಟ್ಟೆ. ಅವನು ಕೀಗಳ ಮೇಲೆ ಟೋಪಿ ಇಟ್ಟ.

"ಇದು ನೀನು ನುಡಿಸೋದಾ?"

ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತೆ. ಎಷ್ಟು ಹೊತ್ತೋ.

16 ಡಿಸೆಂಬರ್

ಓಲ್ಶಿನಾ ಫೋನ್ ಮಾಡಿದರು. ಬೇರೊಬ್ಬ ಪಿಯಾನೋ ವಾದಕ ಸಿದ್ಧ.

"ಮೊದ್ಲು ಒಂದ್ಸಲ ಸೆವೆರಿನ್ ಚಿತ್ರ ನೋಡ್ಲಿ ಸಾರ್, ಪಿಯಾನೋ ಮುಂದೆ ಕೂತು. ಆಮೇಲೆ ಯಾರನ್ನಾದ್ರೂ ಕೂರ್ಸಿ."

"ಒಂದೇ ಸಲ ಕಣಮ್ಮ."

17 ಡಿಸೆಂಬರ್. ಬೆಳಿಗ್ಗೆ 7

ತಾನೇ ಗಡ್ಡ ಹೆರೆದುಕೊಂಡ. ಟೈ ನಾನು ಕಟ್ಟಿದೆ.

"ಅಲ್ಲಿ ನಾನೇನು ಮಾಡ್ಬೇಕು?"

"ಪರದೆ ನೋಡು. ಸಾಕು."

ಸ್ಟುಡಿಯೋಗೆ ಪಿಯಾನೋ ಶ್ರುತಿ ಮಾಡುವವನು ಎಂಟಕ್ಕೆ. ಪಿಯಾನೋ ಒಂದೇ ಇರುವ ಎರಡನೇ ರೀಲು ಒಂಬತ್ತಕ್ಕೆ.